ಡಿಸ್ಕ್ ಜಾರಿ ಐದು ತಿಂಗಳಾಯಿತು, ಕೆಲಸ ಬಿಡುವ ಹಾಗಿಲ್ಲ. ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಮುಳಬಾಗಿಲು ರೈತ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಒಂದೂವರೆ ಎಕರೆ ಟೊಮೆಟೊ, ಮೂರು ಸೀಮೆ ಹಸು. ಸಂಕ್ರಾಂತಿ ಕಳೆದ ವಾರ ಟೊಮೆಟೊ ಬಾಕ್ಸ್ ಎತ್ತಿ ಟೆಂಪೋಗೆ ಕೊಡುವಾಗ ಸೊಂಟದಲ್ಲಿ ಚಳಕ್ ಅಂದಿತು. ಬಾಕ್ಸ್ 15 ಕೆಜಿ ಅಷ್ಟೇ. ಕೀಳುವ ದಿನ ನೂರಕ್ಕೂ ಜಾಸ್ತಿ ಎತ್ತಿದವನು ನಾನು. ಅವತ್ತು ಬಗ್ಗಿದವನು ನೆಟ್ಟಗಾಗಲಿಲ್ಲ. ಇಬ್ಬರು ಹಿಡಿದುಕೊಂಡು ಮನೆಗೆ ತಂದರು.

ಈಗ ಸೊಂಟದ ನೋವು ಅರ್ಧ ಇಳಿದಿದೆ. ಆದರೆ ಎಡಗಡೆ ಕುಂಡಿಯಿಂದ ಶುರುವಾಗಿ ತೊಡೆ ಪಕ್ಕ, ಮೊಣಕಾಲಿನ ಕೆಳಗೆ ಹೊರಗಡೆ, ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ ಎಳೆಯುತ್ತದೆ. ಹತ್ತು ನಿಮಿಷ ಕೂತರೆ ಸಾಕು. ಎಂಆರ್‌ಐ ಮಾಡಿಸಿದೆ. ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆ ನಡುವಿನ ಡಿಸ್ಕ್ ಹೊರಗೆ ಬಂದು ನರ ಒತ್ತುತ್ತಿದೆ ಅಂತ ಇದೆ. ಒಬ್ಬ ಡಾಕ್ಟರ್ ಆಪರೇಷನ್ ಅಂದರು. ಇನ್ನೊಬ್ಬರು ಮಾತ್ರೆ, ರೆಸ್ಟ್ ಅಂದರು. ನಮ್ಮ ಮಾವ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೋ ಅನ್ನುತ್ತಾರೆ.

ರೆಸ್ಟ್ ಎಲ್ಲಿಂದ ತರಲಿ? ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಲೇಬೇಕು. ಈಗ ಹಾಲು ಕರೆಯುವುದು ನನ್ನ ಹೆಂಡತಿ, ಮೇವು ತರುವುದೂ ಅವಳೇ. ನೋಡುವವರಿಗೆ ನಾನು ಚೆನ್ನಾಗೇ ಕಾಣಿಸುತ್ತೇನೆ. ಗಾಯ ಇಲ್ಲ, ಪಟ್ಟಿ ಇಲ್ಲ. "ಏನಪ್ಪಾ, ಹೆಂಗಸಿನ ಕೈಲಿ ದುಡಿಸ್ತಾ ಇದ್ದೀಯಾ" ಅಂತ ಡೈರಿ ಹತ್ತಿರ ಒಬ್ಬರು ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಇದೇ ನೋವು ತಿಂದವರು ಯಾರಾದರೂ ಇದ್ದರೆ ಹೇಳಿ. ಹೇಗೆ ಮಲಗುತ್ತೀರಿ, ಹೇಗೆ ಏಳುತ್ತೀರಿ, ಕೆಲಸ ಹೇಗೆ ಮಾಡುತ್ತೀರಿ?

ಗೂಡುಮನೆ, ಶಿಡ್ಲಘಟ್ಟ

ಅಣ್ಣಾ, ಆ ಮಾತು ನನಗೂ ಬಿದ್ದಿದೆ. ನಾನು ರೇಷ್ಮೆ ಹುಳು ಮೇಯಿಸುವವಳು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹುಳು ಹೇಗೆ ಸೊಪ್ಪು ತಿನ್ನುತ್ತದೆ ಅಂತ ರೇಷ್ಮೆ ಮಾಡಿದವರಿಗೆ ಗೊತ್ತು. ಹಗಲು ರಾತ್ರಿ ಹೊರೆ ಹೊರಬೇಕು. ಆಗಲೇ ನನ್ನ ಸೊಂಟ ಹೋಯಿತು. ನನ್ನದು ಎಲ್5-ಎಸ್1, ನಿಮ್ಮದರ ಕೆಳಗಿನ ಡಿಸ್ಕ್. ಎರಡು ವರ್ಷ ಆಯಿತು, ಆಪರೇಷನ್ ಇಲ್ಲದೆ ಈಗ 80 ಭಾಗ ಸರಿ ಇದ್ದೇನೆ.

ಮೊದಲು ಹಾಸಿಗೆಯಿಂದ ಏಳುವುದನ್ನು ಕಲಿಯಿರಿ. ಅಂಗಾತ ಮಲಗಿದವರು ಸೀದಾ ಎದ್ದು ಕೂರಬೇಡಿ. ಎರಡೂ ಮೊಣಕಾಲು ಮಡಚಿ. ಇಡೀ ಮೈಯನ್ನು ಒಂದೇ ಸಲ, ಮರದ ದಿಮ್ಮಿ ಉರುಳಿಸಿದ ಹಾಗೆ, ಪಕ್ಕಕ್ಕೆ ತಿರುಗಿಸಿ. ಕಾಲು ಮಂಚದಿಂದ ಕೆಳಗೆ ಬಿಡಿ. ಅದೇ ಹೊತ್ತಿಗೆ ಕೈ ಊರಿ ಮೇಲೆದ್ದು ಕೂತುಕೊಳ್ಳಿ. ಸೊಂಟ ಎಲ್ಲೂ ತಿರುಚಬಾರದು. ನನಗೆ ಇದೊಂದರಿಂದಲೇ ಬೆಳಗಿನ ಅಳು ನಿಂತಿತು. ಅಳು ಅಂದರೆ ನಿಜವಾದ ಅಳು.

ಮಲಗುವಾಗ ಪಕ್ಕಕ್ಕೆ ಮಲಗಿ, ಎರಡು ಮೊಣಕಾಲಿನ ನಡುವೆ ದಿಂಬು. ಅಂಗಾತವಾದರೆ ದಿಂಬು ಮೊಣಕಾಲಿನ ಕೆಳಗೆ. ಸೊಪ್ಪನ್ನು ಈಗ ಅರ್ಧ ಹೊರೆ ಮಾಡಿ ಎರಡು ಸಲ ತರುತ್ತೇನೆ. ಹುಳುವಿನ ಸ್ಟ್ಯಾಂಡ್‌ನಲ್ಲಿ ತೀರಾ ಕೆಳಗಿನ ಅಂತಸ್ತು ಬಿಟ್ಟುಬಿಟ್ಟಿದ್ದೇವೆ. ಬೆಳೆ ಸ್ವಲ್ಪ ಕಡಿಮೆಯಾಯಿತು, ಆಗಲಿ.

ತುಮಕೂರು ಅಪ್‌ಡೌನ್

ದಿನಾ ತುಮಕೂರಿಂದ ಬೆಂಗಳೂರಿಗೆ ರೈಲು. ಹೋಗ್ತಾ 70, ಬರ್ತಾ 70 ಕಿ.ಮೀ. ನನಗೆ ಡಿಸ್ಕ್ ಇದ್ದಾಗ ಸೀಟು ಸಿಕ್ಕರೂ ಯಶವಂತಪುರದವರೆಗೆ ನಿಂತೇ ಹೋಗುತ್ತಿದ್ದೆ. ಕೂತರೆ ನೋವು ಜಾಸ್ತಿ, ನಿಂತರೆ ಕಡಿಮೆ. ಜನ ವಿಚಿತ್ರವಾಗಿ ನೋಡುತ್ತಿದ್ದರು. ಕೂರಲೇಬೇಕಾದಾಗ ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳುತ್ತೇನೆ. ಬಸ್ಸಿನಲ್ಲಾದರೆ ಕೊನೆ ಸಾಲು ಬೇಡ, ಹಿಂದಿನ ಚಕ್ರದ ಮೇಲಿನ ಸೀಟೂ ಬೇಡ. ಒಂದೊಂದು ಹಂಪ್ ಸೀದಾ ಬೆನ್ನಿಗೆ ಬಡಿಯುತ್ತದೆ.

ಹಾಲು ಡೈರಿಗೆ ಬೈಕಲ್ಲಿ ಒಯ್ಯುತ್ತೀರಾ? ಅದನ್ನು ಸದ್ಯಕ್ಕೆ ನಿಲ್ಲಿಸಿ.

ಸಿರಾ ಸೀಮೆ

ಎಂಆರ್‌ಐ, ಆಪರೇಷನ್ ಅಂತ ಹೋದರೆ ದುಡ್ಡು ಹಾಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ ರಾತ್ರಿ ಸೊಂಟಕ್ಕೆ ಕಟ್ಟಿ. ಇನ್ನೊಂದು, ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೂರು ಸಲ ಒದ್ದರೆ ಹಿಡಿದಿದ್ದು ಬಿಡುತ್ತದೆ. ನಮ್ಮ ಊರಿನಲ್ಲಿ ಎಷ್ಟೋ ಜನಕ್ಕೆ ಹೋಗಿದೆ.

ಮಾಲೂರಮ್ಮ

ಒದೆಯುವ ಮಾತು ದಯವಿಟ್ಟು ಆಡಬೇಡಿ. ನಮ್ಮ ತಾಯಿಗೆ ಸೊಂಟ ಹಿಡಿದಾಗ ಹೀಗೇ ಯಾರೋ ಹೇಳಿದರು ಅಂತ ಕರೆದುಕೊಂಡು ಹೋಗಿ ಬೆನ್ನು ತುಳಿಸಿದರು. ನಡೆದುಕೊಂಡು ಹೋದವರನ್ನು ಹೊತ್ತುಕೊಂಡು ಬಂದರು. ಮೂರು ತಿಂಗಳು ಎದ್ದಿಲ್ಲ. ಅದನ್ನು ನೋಡಿದವಳು ನಾನು.

ಸಿರಾ ಸೀಮೆ

ನಿಮ್ಮ ತಾಯಿಗೆ ಆಗಿದ್ದು ಕೇಳಿ ಬೇಜಾರಾಯಿತು ಅಮ್ಮ. ಒದೆಯುವುದು ಬಿಡಿ. ಆದರೆ ಎಕ್ಕದ ಎಲೆ ಶಾಖದಿಂದ ನನ್ನ ತಂದೆಗೆ ನಿಜವಾಗಲೂ ಹಾಯಾಯಿತು. ಅದನ್ನು ಸುಳ್ಳು ಅನ್ನಬೇಡಿ.

ಫಿಸಿಯೋ ಚಿಂತಾಮಣಿ

ಯಾರೂ ಸುಳ್ಳು ಅನ್ನುವುದಿಲ್ಲ. ಶಾಖ ಯಾವುದಾದರೂ ಸರಿ. ಎಕ್ಕದ ಎಲೆ, ಉಪ್ಪಿನ ಗಂಟು, ಬಿಸಿನೀರಿನ ಚೀಲ. ಬಿಗಿದ ಮಾಂಸಖಂಡ ಸಡಿಲ ಆಗುತ್ತದೆ, ಹಾಯ್ ಅನಿಸುತ್ತದೆ. ಕಾಲಿಗೆ ಜೋಮು ಇರುವವರು ಕಾಲಿಗೆ ಮಾತ್ರ ಶಾಖ ಕೊಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಎಲೆ ಮುಟ್ಟಿದ ಕೈ ತೊಳೆದುಕೊಳ್ಳಿ. ಆದರೆ ಶಾಖದಿಂದ ಡಿಸ್ಕ್ ಒಳಗೆ ಹೋಗುವುದಿಲ್ಲ. ತುಳಿದರಂತೂ ಇನ್ನೂ ಹೊರಗೆ ಬರಬಹುದು.

ಡಿಸ್ಕ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಬೆನ್ನಿನಲ್ಲಿ 23 ಡಿಸ್ಕ್ ಇವೆ. ಪ್ರತಿಯೊಂದೂ ಒಬ್ಬಟ್ಟಿನ ಹಾಗೆ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಬಗ್ಗಿ, ತಿರುಚಿ ಭಾರ ಎತ್ತುವಾಗ ಕಣಕ ಬಿರುಕು ಬಿಟ್ಟು ಹೂರಣ ಹಿಂದಕ್ಕೆ ಬರುತ್ತದೆ. ಅಲ್ಲೇ ಪಕ್ಕದಲ್ಲಿ ಕಾಲಿಗೆ ಹೋಗುವ ನರ ಇದೆ. ಹಾಗಾಗಿ ತೊಂದರೆ ಸೊಂಟದಲ್ಲಿ, ನೋವು ಕಾಲಿನಲ್ಲಿ. "ಜಾರಿದೆ" ಅನ್ನುತ್ತೇವೆ ಅಷ್ಟೇ, ಇಡೀ ಡಿಸ್ಕ್ ಎಲ್ಲೂ ಜಾರುವುದಿಲ್ಲ. ಹೊರಗೆ ಬಂದ ಹೂರಣವನ್ನು ದೇಹವೇ ನಿಧಾನಕ್ಕೆ ಕರಗಿಸುತ್ತದೆ. ದೊಡ್ಡದಾಗಿ ಬಂದಿದ್ದರೆ ಕರಗುವ ಸಾಧ್ಯತೆ ಇನ್ನೂ ಜಾಸ್ತಿ. ಹೆಚ್ಚಿನವರು ಒಂದೂವರೆಯಿಂದ ಮೂರು ತಿಂಗಳಲ್ಲಿ ಸುಧಾರಿಸುತ್ತಾರೆ.

ಪುತ್ತೂರು ಕಟ್ಟು ಮೂಳೆ ಮುರಿದವರಿಗೆ. ಇಲ್ಲಿ ಮೂಳೆ ಮುರಿದಿಲ್ಲ, ಕಟ್ಟಲು ಏನೂ ಇಲ್ಲ.

ಗೌರಿಬಿದನೂರು ಮೇಷ್ಟ್ರು

ನನ್ನ ರಿಪೋರ್ಟಿನಲ್ಲಿ ಮೂರು ಡಿಸ್ಕ್ "ಬಲ್ಜ್", ಅಂದರೆ ಉಬ್ಬಿದೆ ಅಂತ ಬರೆದಿದ್ದರು. ಓದಿದ ದಿನದಿಂದ ಬಗ್ಗಲಿಲ್ಲ, ನಡೆಯಲಿಲ್ಲ, ಬೋರ್ಡಿನ ಮೇಲೆ ಕೈ ಎತ್ತಿ ಬರೆಯಲೂ ಹೆದರಿಕೆ. ಎರಡು ತಿಂಗಳು ಮಲಗಿ ಇನ್ನೂ ಕೆಟ್ಟೆ. ರಿಪೋರ್ಟ್ ನೋಡಿ ಹೆದರಬೇಡಿ ಅಂತ ಯಾರೂ ಯಾಕೆ ಹೇಳುವುದಿಲ್ಲ?

ಫಿಸಿಯೋ ಚಿಂತಾಮಣಿ

ಹೇಳಬೇಕು ಮೇಷ್ಟ್ರೇ, ನಿಜ. 2015ರಲ್ಲಿ ಸಾವಿರಾರು ಜನರ ಸ್ಕ್ಯಾನ್ ಒಟ್ಟಿಗೆ ಪರಿಶೀಲಿಸಿದ ಅಧ್ಯಯನ ಬಂತು. ಅವರಲ್ಲಿ ಯಾರಿಗೂ ಬೆನ್ನು ನೋವು ಇರಲಿಲ್ಲ. ಆದರೂ 20 ವರ್ಷದವರಲ್ಲಿ ನೂರಕ್ಕೆ 30 ಜನಕ್ಕೆ ಬಲ್ಜ್ ಇತ್ತು, 80 ವರ್ಷದವರಲ್ಲಿ 84 ಜನಕ್ಕೆ. ತಲೆಕೂದಲು ನೆರೆತ ಹಾಗೆ ಅದು. ಸ್ಕ್ಯಾನಿನಲ್ಲಿ ಕಂಡಿದ್ದೂ ನಿಮ್ಮ ಕಾಲಿನ ನೋವೂ ಒಂದಕ್ಕೊಂದು ಹೊಂದಬೇಕು. ಆಗ ಮಾತ್ರ ಅದಕ್ಕೆ ಬೆಲೆ. ಮಲಗುವುದು ತೀರಾ ನೋವಿದ್ದಾಗ ಒಂದೆರಡು ದಿನ ಸಾಕು. ಆಮೇಲೆ ಸಮತಟ್ಟು ಜಾಗದಲ್ಲಿ ಹತ್ತು ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡೆಯಬೇಕು.

ಕುಣಿಗಲ್ ಡ್ರೈವರ್

ಮಾತ್ರೆ ಬಗ್ಗೆ ಒಂದು ಮಾತು. ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಕೇಳಿ ತಗೊಂಡೆ. ಎಂಟು ತಿಂಗಳು, ಚೀಟಿ ಇಲ್ಲದೆ. ಲಾರಿ ಓಡಿಸಬೇಕಲ್ಲ. ಒಂದು ದಿನ ಮಲ ಟಾರಿನ ಹಾಗೆ ಕಪ್ಪಗೆ ಹೋಯಿತು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲ್ ರಕ್ತ ಹಾಕಿದರು. ಕಿಡ್ನಿಗೂ ಏಟು ಅಂತ ಡಾಕ್ಟರ್ ಬೈದರು. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ತಗೊಂಡು ಸ್ಟೇರಿಂಗ್ ಹಿಡಿಯಬೇಡಿ, ತೂಕಡಿಕೆ ಬರುತ್ತದೆ. ಅದನ್ನು ಒಂದೇ ಸಲ ನಿಲ್ಲಿಸಲೂಬಾರದಂತೆ, ಕೇಳಿ ಇಳಿಸಬೇಕು.

ಬಂಗಾರಪೇಟೆ ಹುಡುಗ

ಬೆಲ್ಟ್ ಹಾಕಿಕೊಂಡರೆ ಒಳ್ಳೇದಾ? 1,200 ರೂಪಾಯಿ ಕೊಟ್ಟು ತಂದಿದ್ದೇನೆ.

ಫಿಸಿಯೋ ಚಿಂತಾಮಣಿ

ಪ್ರಯಾಣ, ಕೆಲಸದ ಹೊತ್ತಿಗೆ ಸ್ವಲ್ಪ ದಿನ ಸರಿ. ಮಲಗುವಾಗ ಬೇಡ. ಬೆಲ್ಟನ್ನೇ ನಂಬಿಕೊಂಡು ಭಾರ ಎತ್ತಬೇಡಿ.

ಮಾಲೂರಮ್ಮ

ಗಂಡಸರಿಗೆ ಬಾಕ್ಸು, ಲಾರಿ. ನನಗೆ ಬಂದಿದ್ದು ಮುದ್ದೆ ತೊಳಸುವಾಗ. ಎಂಟು ಜನರ ಮನೆ. ಪಾತ್ರೆ ನೆಲದ ಮೇಲಿಟ್ಟು, ಎರಡೂ ಪಾದದಲ್ಲಿ ಅದುಮಿ ಹಿಡಿದು, ಬಗ್ಗಿಕೊಂಡು ಹಿಟ್ಟಿನ ಕೋಲು ತಿರುಗಿಸುವುದು. ದಿನಕ್ಕೆ ಎರಡು ಸಲ, ಇಪ್ಪತ್ತು ವರ್ಷ. ಈಗ ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಮಾಡದೆ ಚಿಕ್ಕದರಲ್ಲಿ ಎರಡು ಸರ್ತಿ ಮಾಡುತ್ತೇನೆ. ಪಾತ್ರೆ ಸೊಂಟದ ಎತ್ತರದ ಕಟ್ಟೆ ಮೇಲೆ, ಅಲುಗದ ಹಾಗೆ ಮಗ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿಕೊಟ್ಟಿದ್ದಾನೆ. ನಿಂತುಕೊಂಡೇ ತೊಳಸುತ್ತೇನೆ.

ಯಾರೂ ಹೇಳದೇ ಇರುವ ಇನ್ನೊಂದು ವಿಷಯ, ಕಕ್ಕಸು. ನೆಲದ ಮೇಲಿನದ್ದರಲ್ಲಿ ಕೂತು ಏಳುವುದೇ ನರಕ. ಮೇಲೆ ಇಡುವ ಪ್ಲಾಸ್ಟಿಕ್ ಕಮೋಡ್ ಸ್ಟೂಲ್ ಸಿಗುತ್ತದೆ. ನಾಚಿಕೆ ಬಿಟ್ಟು ತರಿಸಿ. ನೀರು ಜಾಸ್ತಿ ಕುಡಿಯಿರಿ, ಮಲಕ್ಕೆ ತಿಣುಕಿದರೆ ನೋವು ಕಾಲಿಗೆ ಹೊಡೆಯುತ್ತದೆ.

ಬಂಗಾರಪೇಟೆ ಹುಡುಗ

ಕಟ್ಟೆ ಮೇಲೆ ತೊಳಸಿದ ಮುದ್ದೆ ಗಂಟಾಗಲ್ವಾ ಅಮ್ಮ? ನಮ್ಮ ಅಜ್ಜಿ ಒಪ್ಪಲೇ ಇಲ್ಲ.

ಮಾಲೂರಮ್ಮ

ನೀರು ಕುದಿಯುವಾಗ ಒಂದು ಹಿಡಿ ಹಿಟ್ಟು ತೆಳ್ಳಗೆ ಕಲಸಿ ಮೊದಲು ಹಾಕು. ಆಮೇಲೆ ಉಳಿದ ಹಿಟ್ಟು ಸುರಿದು ಉರಿ ಸಣ್ಣ ಮಾಡಿ ಬೇಯಲು ಬಿಡು. ಗಂಟಾಗುವುದಿಲ್ಲ. ಅಜ್ಜಿಗೆ ಮಾಡಿ ತೋರಿಸು.

ಹಳೇ ಗಣಿ, ಕೆಜಿಎಫ್

ನಮ್ಮ ತಂದೆ 2001ರಲ್ಲಿ ಗಣಿ ಮುಚ್ಚುವವರೆಗೂ ಅಂಡರ್‌ಗ್ರೌಂಡ್ ಕೆಲಸ. ಡ್ರಿಲ್ ಹಿಡಿದು ಬಗ್ಗಿ ಬಗ್ಗಿ ಬೆನ್ನು ಹೋಗಿತ್ತು. ನಮ್ಮ ಲೈನಿನ ಮನೆಗಳಲ್ಲಿ ಸಂಜೆ ಹೊತ್ತು ಯಾರ ಮನೆ ನೋಡಿದರೂ ಒಬ್ಬರು ಬೋರಲು ಮಲಗಿ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಯಾರೂ ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸ ಅಂದರು. ಹಾಗಾಗಿ ಡೈರಿ ಹತ್ತಿರ ಮಾತಾಡಿದವರಿಗೆ ಉತ್ತರ ಕೊಡಬೇಡಿ ಅಣ್ಣ. ನೋವು ನಿಮ್ಮದು, ಅದು ನಿಜ.

ಮುಳಬಾಗಿಲು ರೈತ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಬೆಳಗ್ಗೆ ಗೂಡುಮನೆ ಅಕ್ಕ ಹೇಳಿದ ಹಾಗೆ ಪಕ್ಕಕ್ಕೆ ತಿರುಗಿ ಎದ್ದೆ. ಎಷ್ಟೋ ದಿನ ಆದ ಮೇಲೆ ಕೂಗದೆ ಎದ್ದಿದ್ದು.

ಬೈಕ್ ನಿಲ್ಲಿಸಿದ್ದೇನೆ, ನಡೆದೇ ಹೋಗುತ್ತೇನೆ. ಆದರೆ ಇನ್ನೊಂದು ಇದೆ. ತೋಟದ ಬದುವಿನ ಮೇಲೆ ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿ ಹೋಗುತ್ತದೆ. ಎರಡು ಹೆಜ್ಜೆ ಮುಂದೆ ಹೋದ ಮೇಲೆ, ಮಣ್ಣು ತಣ್ಣಗೆ ತಾಗಿದಾಗ ಗೊತ್ತಾಗುತ್ತದೆ. ಹವಾಯಿ ಸವೆದಿದೆ ಅಂತ ಹೊಸದು ತಂದೆ. ಅದೂ ಹಾಗೇ. ಹೊಸ್ತಿಲಿಗೂ ಎರಡು ಸಲ ಎಡವಿದೆ. ಇದಕ್ಕೂ ನಡಿಗೆಯೇ ಮದ್ದಾ?

ಫಿಸಿಯೋ ಚಿಂತಾಮಣಿ

ಅಣ್ಣಾ, ಇದನ್ನು ಮೊದಲೇ ಹೇಳಬೇಕಿತ್ತು. ಈಗಲೇ ಒಂದು ಕೆಲಸ ಮಾಡಿ. ಗೋಡೆ ಪಕ್ಕ ನಿಂತು, ಯಾರಾದರೂ ಜೊತೆಗಿರಲಿ, ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಬೆರಳು ನೆಲಕ್ಕೆ ತಾಗಬಾರದು. ಆಮೇಲೆ ತುದಿಗಾಲಲ್ಲಿ ಹತ್ತು ಹೆಜ್ಜೆ. ಆಗಿದ್ದನ್ನು ಆದ ಹಾಗೇ ಬರೆಯಿರಿ.

ಜೊತೆಗೆ ಇದಕ್ಕೂ ಉತ್ತರ ಬೇಕು. ಮೂತ್ರ ಸರಿಯಾಗಿ ಹೋಗುತ್ತಿದೆಯಾ? ತೊಡೆಯ ಸಂದಿ, ಮಲದ್ವಾರದ ಸುತ್ತ ಜೋಮು ಇದೆಯಾ? ಎರಡೂ ಕಾಲಿಗೆ ನೋವು ಇದೆಯಾ?

ಮುಳಬಾಗಿಲು ರೈತ

ಮೂತ್ರ, ಮಲ ಎಲ್ಲ ಸರಿ ಇದೆ. ಜೋಮು ಹೆಬ್ಬೆರಳು ಮತ್ತು ಪಾದದ ಮೇಲ್ಭಾಗ ಮಾತ್ರ. ತುದಿಗಾಲಲ್ಲಿ ನಡೆದೆ, ಎರಡೂ ಸರಿ. ಹಿಮ್ಮಡಿ ಮೇಲೆ ಬಲಗಾಲು ಸರಿ. ಎಡಗಾಲಿನ ಬೆರಳು ಮೂರನೇ ಹೆಜ್ಜೆಗೇ ಕೆಳಗೆ ಬಿತ್ತು. ಎತ್ತೋಣ ಅಂದರೆ ಏಳುವುದಿಲ್ಲ. ಎಣಿಸುತ್ತಿದ್ದ ನನ್ನ ಹೆಂಡತಿ ಎಣಿಸುವುದನ್ನು ನಿಲ್ಲಿಸಿಬಿಟ್ಟಳು.

ಫಿಸಿಯೋ ಚಿಂತಾಮಣಿ

ನಾಳೆ ಬೆಳಗ್ಗೆಯೇ ಕೋಲಾರಕ್ಕೆ ಹೋಗಿ. ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗ. "ಪಾದ ಎತ್ತಲು ಶಕ್ತಿ ಇಲ್ಲ, ಚಪ್ಪಲಿ ಕಳಚುತ್ತದೆ" ಅಂತ ಇದೇ ಮಾತಿನಲ್ಲಿ ಹೇಳಿ. ಬರೀ ಸೊಂಟ ನೋವು ಅಂದರೆ ಮಾತ್ರೆ ಬರೆದು ಕಳಿಸಿಬಿಡಬಹುದು. ಎಲ್ಲರೂ ಇದನ್ನು ಬೇರೆ ಮಾಡಿ ನೋಡಿ. ನೋವು ಎಷ್ಟೇ ಇದ್ದರೂ ಕಾಯಬಹುದು. ಶಕ್ತಿ ಕಡಿಮೆ ಆಗುತ್ತಿದ್ದರೆ ಕಾಯಬಾರದು, ನರ ಜಾಸ್ತಿ ದಿನ ಒತ್ತಿಕೊಂಡಿದ್ದರೆ ಶಕ್ತಿ ಪೂರ್ತಿ ವಾಪಸ್ ಬರದೇ ಇರಬಹುದು. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಸಂದಿಯಲ್ಲಿ ಜೋಮು ಬಂದರೆ ಬೆಳಗಾಗುವವರೆಗೂ ಕಾಯಬೇಡಿ, ಅದೇ ರಾತ್ರಿ ಹೊರಡಬೇಕು.

ಸಿರಾ ಸೀಮೆ

ಹೋಗಿ ಬನ್ನಿ ಅಣ್ಣ. ಎಲೆ ಗಿಲೆ ಆಮೇಲೆ ನೋಡೋಣ. ಕಾಲು ಎಳೆಯುತ್ತಿದೆ ಅಂದರೆ ಅದು ಬೇರೆ ಮಾತು.

ತುಮಕೂರು ಅಪ್‌ಡೌನ್

ಬಿಪಿಎಲ್ ಕಾರ್ಡ್, ಆಧಾರ್ ಎರಡೂ ತಗೊಂಡು ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಖರ್ಚಿನ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಇಲ್ಲದೆ ಸೀದಾ ಖಾಸಗಿಗೆ ಹೋಗಿ ನಮ್ಮ ಅತ್ತಿಗೆ ಕೈಯಿಂದ ದುಡ್ಡು ಕಟ್ಟಬೇಕಾಯಿತು.

ಗೌರಿಬಿದನೂರು ಮೇಷ್ಟ್ರು

ಆಪರೇಷನ್ ಮಾಡಿಸಿದರೆ ಕಾಲೇ ಬಿದ್ದುಹೋಗುತ್ತದೆ ಅಂತ ನಮ್ಮ ಕಡೆ ಜನ ಹೆದರಿಸುತ್ತಾರೆ. ಅದಕ್ಕೇ ನಾನೂ ಬೇಡ ಅಂದವನು.

ಫಿಸಿಯೋ ಚಿಂತಾಮಣಿ

ನೀವು ಬೇಡ ಅಂದಿದ್ದು ಸರಿಯೇ ಮೇಷ್ಟ್ರೇ, ನಿಮಗೆ ಶಕ್ತಿ ಕಡಿಮೆ ಆಗಿರಲಿಲ್ಲ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕಾಲು ನೋವು ಇರುವವರನ್ನು ಎರಡು ಗುಂಪು ಮಾಡಿ ನೋಡಿದರು. ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಒಂದು ವರ್ಷಕ್ಕೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಬರೀ ನೋವಾದರೆ ಕಾಯುವುದೂ ಒಂದು ದಾರಿ. ಈ ಅಣ್ಣನದು ಆ ಲೆಕ್ಕಕ್ಕೆ ಬರುವುದಿಲ್ಲ.

ಮುಳಬಾಗಿಲು ರೈತ

ಕೋಲಾರಕ್ಕೆ ಹೋಗಿದ್ದೆ. ಡಾಕ್ಟರ್ ಹೆಬ್ಬೆರಳು ಹಿಡಿದು ಮೇಲೆತ್ತಿ ಅಂದರು. ಅವರ ಒಂದು ಬೆರಳಿನ ಬಲಕ್ಕೆ ನನ್ನ ಹೆಬ್ಬೆರಳು ಸೋತಿತು. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಸೋಮವಾರ ಹೊರಡುತ್ತೇವೆ. ಟೊಮೆಟೊ ಇನ್ನು ನಾಲ್ಕು ಕೊಯ್ಲು ಇದೆ. ರೇಟೂ ಈಗ ಸ್ವಲ್ಪ ಏಳುತ್ತಿದೆ. ಅದೇ ಯೋಚನೆ.

ಹಳೇ ಗಣಿ, ಕೆಜಿಎಫ್

2023ರ ಜುಲೈನಲ್ಲಿ ಬಾಕ್ಸ್ 2,000 ದಾಟಿದಾಗ ನಮ್ಮ ಭಾವ ಜ್ವರ ಇಟ್ಟುಕೊಂಡೇ ಕಿತ್ತರು. ಆಮೇಲೆ ತಿಂಗಳು ಮಲಗಿದರು. ರೇಟು ಮತ್ತೆ ಬರುತ್ತದೆ ಅಣ್ಣ. ಭಾಗಕ್ಕೋ ಕೂಲಿಗೋ ಕೊಟ್ಟು ಹೊರಡಿ.

ಗೂಡುಮನೆ, ಶಿಡ್ಲಘಟ್ಟ

ಹಸುಗಳಿಗೆ ಏನು ಮಾಡುತ್ತೀರಿ? ಅಕ್ಕ ನಿಮ್ಮ ಜೊತೆ ಬಂದರೆ ಹಾಲು ಕರೆಯುವವರು ಯಾರು?

ಮುಳಬಾಗಿಲು ರೈತ

ಪಕ್ಕದ ಮನೆಯವರು ಕರೆದು ಡೈರಿಗೆ ಹಾಕುತ್ತಾರೆ. ಅವತ್ತು ಮಾತಾಡಿದ್ದರಲ್ಲ, ಅವರೇ. ನಾನು ಕೇಳಿರಲಿಲ್ಲ. ಚಪ್ಪಲಿ ವಿಷಯ ಹೆಂಡತಿಯಿಂದ ಕೇಳಿ ತಾವಾಗಿ ಬಂದು ಹೇಳಿದರು.

ಮುಳಬಾಗಿಲು ರೈತ

ಏಳು ವಾರ ಆಯಿತು. ಬರೆಯುವುದು ತಡವಾಯಿತು, ಕ್ಷಮಿಸಿ. ಸಣ್ಣ ಗಾಯದ ಆಪರೇಷನ್ ಮಾಡಿದರು, ಬೆನ್ನಿನಲ್ಲಿ ಎರಡು ಬೆರಳು ಅಗಲದ ಗುರುತು. ಮರುದಿನವೇ ನಡೆಸಿದರು. ಕಾಲಿನ ಕರೆಂಟ್ ಹೊಡೆತ ಎಚ್ಚರವಾದಾಗಲೇ ಇರಲಿಲ್ಲ. ಹೆಬ್ಬೆರಳಿನ ಜೋಮು ಇನ್ನೂ ಇದೆ, ಅದು ತಿಂಗಳುಗಟ್ಟಲೆ ತಗೊಳ್ಳಬಹುದು ಅಂದಿದ್ದಾರೆ. ಪಾದ ಮುಕ್ಕಾಲು ಭಾಗ ಏಳುತ್ತದೆ. ಮೊನ್ನೆ ಹಿಮ್ಮಡಿ ಮೇಲೆ ಒಂಬತ್ತು ಹೆಜ್ಜೆ ನಡೆದೆ. ಹೆಂಡತಿಯೇ ಎಣಿಸಿದಳು.

ಅದೇ ಜಾಗದಲ್ಲಿ ಮತ್ತೆ ಬರಬಹುದು ಅಂತ ಎಚ್ಚರಿಸಿದ್ದಾರೆ. ಬಾಕ್ಸ್ ಎತ್ತುವುದು ಸದ್ಯಕ್ಕೆ ಇಲ್ಲ. ಮುಂದೆಯೂ ನೆಲದಿಂದ ಎತ್ತದ ಹಾಗೆ ಟೆಂಪೋ ನಿಲ್ಲುವ ಕಡೆ ಸೊಂಟದ ಎತ್ತರಕ್ಕೆ ಕಲ್ಲು ಚಪ್ಪಡಿ ಹಾಕಿಸಿದ್ದೇನೆ. ಕಿತ್ತವರು ಬಾಕ್ಸನ್ನು ಅದರ ಮೇಲೇ ಇಡುತ್ತಾರೆ. ಒಂದು ಹಸು ಕೊಟ್ಟು ಹಾಲು ಕರೆಯುವ ಮಿಷನ್ ತಗೊಂಡಿದ್ದೇವೆ.

ಮಾಲೂರಮ್ಮ

ಕಣ್ಣು ತುಂಬಿ ಬಂತು ತಮ್ಮಾ. ನಿನ್ನ ಹೆಂಡತಿಗೂ ಸ್ವಲ್ಪ ರೆಸ್ಟ್ ಕೊಡು ಈಗ. ಐದು ತಿಂಗಳು ಅವಳ ಸೊಂಟದ ಮೇಲೂ ಬಿದ್ದಿದೆ.

ಮುಳಬಾಗಿಲು ರೈತ

ಹೌದಮ್ಮ. ಮೇವು ತರುವುದಕ್ಕೆ ಆಳು ಇಟ್ಟಿದ್ದೇನೆ.

ಬಾಗೇಪಲ್ಲಿ ಹೊಸಬ

ಇಲ್ಲಿಗೆ ಹೊಸಬ. ಎಲ್ಲ ಓದಿದೆ. ನನಗೂ ನಾಲ್ಕು ತಿಂಗಳಿಂದ ಬಲಗಾಲು ಎಳೆತ. ಹಮಾಲಿ ಕೆಲಸ. ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಇದ್ದೇನೆ. ಮೆಟ್ಟಿಲು ಹತ್ತುವಾಗ ಪಾದ ತಗುಲುತ್ತದೆ. ಸುಸ್ತು ಇರಬೇಕು ಅಂದುಕೊಂಡಿದ್ದೆ.

ಮುಳಬಾಗಿಲು ರೈತ

ಮಾತ್ರೆ ವಿಷಯ ಆಮೇಲೆ ತಮ್ಮಾ. ಎದ್ದು ಗೋಡೆ ಪಕ್ಕ ನಿಲ್ಲು. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ. ಮನೆಯಲ್ಲಿ ಯಾರಾದರೂ ಎಣಿಸಲಿ. ಎಷ್ಟಾಯಿತು ಅಂತ ಬರೆ, ನಾನು ಇಲ್ಲೇ ಕಾಯುತ್ತಿದ್ದೇನೆ.